ದುಡಿಯುವವರಿಗೆ ತೋಚಿದ ಮಾತು

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬೀಳುವ ದಿನ ಪತ್ರಿಕೆ ಹಿಡಿದು ಕೂರುವ ತಂದೆತಾಯಿಗಳಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ತುಮಕೂರು ಒಂದು ಶೈಕ್ಷಣಿಕ ಜಿಲ್ಲೆಯಾದರೆ, ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಕೂಡಿ ಮಧುಗಿರಿ ಎಂಬ ಹೆಸರಿನಲ್ಲಿ ಮತ್ತೊಂದು. ಆ ಪಟ್ಟಿಯಲ್ಲಿ ಅಂಕ ಪಡೆದು ಹೊರಬಂದ ಮಕ್ಕಳಲ್ಲಿ ಅನೇಕರು ಇಂದು ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿಯೋ, ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿಯೋ, ಆಸ್ಪತ್ರೆ ಅಂಗಡಿಗಳಲ್ಲಿಯೋ ದುಡಿಯುತ್ತಿದ್ದಾರೆ. ಈ ಭಾಗದಲ್ಲಿ ನಮ್ಮ ಕಥೋಲಿಕ ಕುಟುಂಬಗಳು ಹೆಚ್ಚೇನೂ ಇಲ್ಲ. ಇದ್ದವರಲ್ಲಿಯೂ ನಸುಕಿನ ಬಸ್ಸಿಗೆ ಊಟದ ಡಬ್ಬಿ ಹಿಡಿದು ಹೊರಡುವವರೇ ಬಹಳ.

ಅಂಥ ಒಬ್ಬ ಯುವಕ ಕಳೆದ ತಪಸ್ಸುಕಾಲದ ಒಂದು ಭಾನುವಾರ ಪೂಜೆ ಮುಗಿದ ಮೇಲೆ ತನ್ನ ತಾಯಿಯೊಡನೆ ನಮ್ಮ ಬಳಿ ಬಂದ. ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಅವನ ಕೆಲಸ. ಖಾಲಿ ಪೆಟ್ಟಿಗೆಗಳನ್ನು ಹಾಲಿನ ಒಂದು ತುದಿಯಲ್ಲಿ ಒಟ್ಟಿರುತ್ತಾರೆ, ತುಂಬುವ ಯಂತ್ರ ಇನ್ನೊಂದು ತುದಿಯಲ್ಲಿದೆ. ದಿನಕ್ಕೆ ನೂರಾರು ಸಲ ಯಾರಾದರೂ ಅತ್ತಿಂದಿತ್ತ ನಡೆಯಬೇಕು. ಪೆಟ್ಟಿಗೆಯ ಅಟ್ಟಣೆಯನ್ನು ಗೋಡೆಯ ಈಚೆಗೆ ತಂದರೆ ನಡೆಯುವುದೇ ಬೇಕಿಲ್ಲವೆಂದು ಅವನಿಗೆ ತೋಚಿತು. ಸೂಪರ್‌ವೈಸರಿಗೆ ಹೇಳಿದ. "ನಿನ್ನ ಕೆಲಸ ನೀನು ನೋಡಿಕೊ" ಎಂಬ ಉತ್ತರ ಬಂತು. ಎರಡು ತಿಂಗಳ ನಂತರ ಅಟ್ಟಣೆ ಈಚೆಗೆ ಬಂತು, ಸೂಪರ್‌ವೈಸರಿಗೆ ಮೇಲಿನವರಿಂದ ಶಹಬ್ಬಾಸ್ ಕೂಡ ಬಂತು.

"ಇನ್ನು ಮೇಲೆ ಬಾಯಿ ಬಿಡೋದಿಲ್ಲ ಫಾದರ್" ಎಂದ ಯುವಕ.

"ನಾನು ಮೊದಲೇ ಹೇಳಿದ್ದೆ ಸ್ವಾಮಿ, ಹೇಳಿದ ಕೆಲಸ ಮಾಡು, ಸಂಬಳ ತಗೊಂಡು ಬಾ ಅಂತ" ಎಂದರು ತಾಯಿ. ಇಪ್ಪತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕುಳಿತು ಮಗನನ್ನು ಓದಿಸಿದ ಹೆಂಗಸು ಅವರು. ಅವರ ಮಾತನ್ನು ಹಗುರವಾಗಿ ತಳ್ಳಿಹಾಕಲು ನಮಗೆ ಮನಸ್ಸು ಬರಲಿಲ್ಲ. ಆದರೂ ಆ ತಾಯಿಯ ಜಾಣತನದಲ್ಲಿ ಏನೋ ಒಂದು ದೊಡ್ಡ ನಷ್ಟವಿದೆಯೆಂದು ಅನ್ನಿಸಿತು. ಆ ನಷ್ಟ ಯಾರದು, ಎಷ್ಟು ಎಂಬುದನ್ನು ಯೋಚಿಸುತ್ತ ಈ ಲೇಖನ ಬರೆಯುತ್ತಿದ್ದೇವೆ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ 'ಸೃಷ್ಟಿ' ಎಂಬ ಪದವನ್ನು ಮನುಷ್ಯನ ಕೆಲಸಕ್ಕೆ ಬಳಸಿದರೆ ನಮ್ಮ ಉಪಾಧ್ಯಾಯರು ತಡೆಯುತ್ತಿದ್ದರು. ಏನೂ ಇಲ್ಲದಲ್ಲಿಂದ ಒಂದನ್ನು ಉಂಟುಮಾಡುವುದು ದೇವರೊಬ್ಬರಿಗೇ ಸಾಧ್ಯ. ಮನುಷ್ಯನಾದರೋ ಇರುವುದನ್ನೇ ಹೊಸ ರೀತಿಯಲ್ಲಿ ಜೋಡಿಸಬಲ್ಲ ಎಂಬುದು ಅವರ ವಾದ. ಆಗ ಅದು ಬರಿಯ ಪದಗಳ ಚರ್ಚೆಯಂತೆ ಕಂಡಿತ್ತು. ಈಗ ಅದರ ಬೆಲೆ ತಿಳಿಯುತ್ತಿದೆ. ಇರುವುದನ್ನು ಜೋಡಿಸುವುದೇ ಹೊಸ ಆಲೋಚನೆಯಾದರೆ, ಏನೇನು ಇದೆಯೆಂದು ಹತ್ತಿರದಿಂದ ಬಲ್ಲವನಿಗೇ ಅದು ಮೊದಲು ತೋಚಬೇಕು. ಪೆಟ್ಟಿಗೆ ಹೊತ್ತು ನಡೆದವನಿಗೆ ಕಾಲುನೋವು ಗೊತ್ತು, ಹಾಲಿನ ಅಗಲವೂ ಗೊತ್ತು. ಕಚೇರಿಯ ಕುರ್ಚಿಗೆ ಇವೆರಡೂ ಗೊತ್ತಿಲ್ಲ. ಹೊಸ ಆಲೋಚನೆಯೆಂದರೆ ಇಂಜಿನಿಯರುಗಳ, ಮ್ಯಾನೇಜರುಗಳ ಸೊತ್ತು ಎಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಅದು ವಿನಯದಂತೆ ಕಂಡರೂ ವಿನಯವಲ್ಲ, ದೇವರು ಕೊಟ್ಟ ತಲಾಂತನ್ನು ಬಟ್ಟೆಯಲ್ಲಿ ಸುತ್ತಿ ನೆಲದಲ್ಲಿ ಹೂಳುವ ಅಭ್ಯಾಸ.

ಹೊಸ ಆಲೋಚನೆಯ ಶಕ್ತಿಯನ್ನು ಅರಿಯಲು ನಾವು ಜಪಾನಿಗೆ ಹೋಗಬೇಕಾಗಿಲ್ಲ, ಪಾವಗಡಕ್ಕೆ ಹೋದರೆ ಸಾಕು.

ಮೂರು ಕಡೆ ಆಂಧ್ರಪ್ರದೇಶ ಸುತ್ತುವರಿದಿರುವ, ಮನೆಮಾತು ತೆಲುಗಾದವರೇ ಹೆಚ್ಚಾಗಿರುವ ಈ ತಾಲ್ಲೂಕನ್ನು ಬರಪೀಡಿತವೆಂದು ಸರ್ಕಾರ ಎಷ್ಟು ಸಲ ಘೋಷಿಸಿದೆಯೋ ಲೆಕ್ಕವಿಡುವುದು ಕಷ್ಟ. ಕಡಲೆಕಾಯಿ ಬಿತ್ತಿ ಆಕಾಶ ನೋಡುವುದು, ಮಳೆ ಕೈಕೊಟ್ಟರೆ ಬೆಂಗಳೂರಿನ ಬಸ್ಸು ಹತ್ತುವುದು. ಎರಡು ಮೂರು ತಲೆಮಾರುಗಳ ಬಾಳು ಹೀಗೆಯೇ ಸವೆಯಿತು. ಬಿಸಿಲು ಇಲ್ಲಿನ ಶಾಪವೆಂದೇ ಎಲ್ಲರೂ ತಿಳಿದಿದ್ದರು. ಆ ಬಿಸಿಲನ್ನೇ ಬೆಳೆಯಾಗಿ ಕಾಣುವ ಆಲೋಚನೆ ಬಂದದ್ದು ಕಳೆದ ದಶಕದಲ್ಲಿ. 2015ರಲ್ಲಿ ಕೇಂದ್ರ ಮತ್ತು ರಾಜ್ಯದ ಸಂಸ್ಥೆಗಳು ಕೂಡಿ ಸೌರವಿದ್ಯುತ್ ನಿಗಮವೊಂದನ್ನು ಸ್ಥಾಪಿಸಿದವು. ನಾಗಲಮಡಿಕೆ ಹೋಬಳಿಯ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಸೌರಫಲಕಗಳನ್ನು ಹಾಸುವ ಯೋಜನೆ ಸಿದ್ಧವಾಯಿತು. 2018ರ ಮಾರ್ಚ್ 1ರಂದು ಅದರ ಮೊದಲ ಹಂತ ಉದ್ಘಾಟನೆಯಾಯಿತು. 2019ರ ಕೊನೆಯ ಹೊತ್ತಿಗೆ ಪೂರ್ಣ ಸಾಮರ್ಥ್ಯವಾದ 2,050 ಮೆಗಾವಾಟ್ ತಲುಪಿತು. ಲೋಕದ ಅತಿ ದೊಡ್ಡ ಸೌರ ಉದ್ಯಾನಗಳ ಸಾಲಿನಲ್ಲಿ ಪಾವಗಡದ ಹೆಸರು ಸೇರಿತು.

ಆದರೆ ನಾವು ಬೆರಗಾಗುವುದು ಆ ಗಾಜಿನ ಹಾಸಿಗೆಗೆ ಅಲ್ಲ. ಫಲಕ ಮಾಡುವುದನ್ನು ಲೋಕ ಆಗಲೇ ಬಲ್ಲುದಾಗಿತ್ತು. ಪಾವಗಡದ ನಿಜವಾದ ಹೊಸ ಆಲೋಚನೆ ಇದ್ದದ್ದು ಕರಾರು ಪತ್ರದಲ್ಲಿ. ಸರ್ಕಾರಕ್ಕೆ ಭೂಮಿ ಬೇಕಾದಾಗ ಸ್ವಾಧೀನಪಡಿಸಿಕೊಳ್ಳುವುದೇ ನಮ್ಮ ದೇಶದ ರೂಢಿ. ರೈತ ಪರಿಹಾರದ ಹಣ ಪಡೆಯುತ್ತಾನೆ, ಮಗಳ ಮದುವೆ ಮಾಡುತ್ತಾನೆ, ಕೆಲ ವರ್ಷಗಳಲ್ಲಿ ಹಣವೂ ಇಲ್ಲ, ನೆಲವೂ ಇಲ್ಲ. ಇಲ್ಲಿ ಭೂಮಿಯನ್ನು ಕೊಳ್ಳಲಿಲ್ಲ, ದೀರ್ಘಾವಧಿಯ ಗುತ್ತಿಗೆಗೆ ಪಡೆದರು. ಪಹಣಿ ರೈತನ ಹೆಸರಿನಲ್ಲಿಯೇ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ ಎಂಬುದು ಕರಾರು. ಐದು ಎಕರೆಯವನಿಗೆ ಮಳೆ ಬರಲಿ ಬಿಡಲಿ ವರ್ಷಕ್ಕೆ ಒಂದು ಲಕ್ಷದ ಮೇಲೆ ಬರುವಂತಾಯಿತು. ಸುಮಾರು 2,300 ರೈತರು ಹೀಗೆ ಭೂಮಿ ಕೊಟ್ಟರು.

ಇದೇನು ಮಹಾ ಆಲೋಚನೆ, ಗುತ್ತಿಗೆ ಎಂಬುದು ಹಳೆಯ ಪದ್ಧತಿಯಲ್ಲವೇ ಎಂದು ಯಾರಾದರೂ ಕೇಳಿಯಾರು. ಹಳೆಯದೇ. ಇದ್ದದ್ದನ್ನು ಇರದಿದ್ದ ಕಡೆ ಜೋಡಿಸಿದರು, ಅಷ್ಟೆ. ಅದು ರೈತನಿಗೆ ಅರ್ಥವಾದದ್ದು ಮೆಗಾವಾಟ್‌ಗಳ ಭಾಷೆಯಿಂದಲ್ಲ. "ನಿನ್ನ ಹೊಲ ನಿನ್ನ ಹೆಸರಿನಲ್ಲೇ ಇರುತ್ತದೆ, ನಿನ್ನ ಮೊಮ್ಮಗನಿಗೆ ಸೇರುತ್ತದೆ" ಎಂಬ ಒಂದು ಮಾತು ಅವನ ಭಯವನ್ನು ಮುಟ್ಟಿತು. ಕೇಳುವವನ ಭಯ ಯಾವುದೆಂದು ತಿಳಿಯದೆ ಎಷ್ಟೇ ಚೆನ್ನಾದ ಯೋಜನೆಯನ್ನು ವಿವರಿಸಿದರೂ ಅದು ಗಾಳಿಗೆ ಹೇಳಿದಂತೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ನಾವು ನ್ಯಾಯ ತಪ್ಪಿದಂತಾಗುತ್ತದೆ. ಪಹಣಿ ಉಳ್ಳವನಿಗೆ ಕರಾರು ಉಂಟು, ಪಹಣಿ ಇಲ್ಲದವನಿಗೆ? ಇದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಕೂಲಿ ಹೆಂಗಸರಿಗೆ ಹೊಲವೇ ಇಲ್ಲವಾಯಿತು. ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರ ಮುಂದೆ ಬೇಲಿ ಎದ್ದಿತು. ಕೆಲವರಿಗೆ ಉದ್ಯಾನದೊಳಗೆ ಹುಲ್ಲು ಕತ್ತರಿಸುವ, ಫಲಕ ಒರೆಸುವ, ಕಾವಲು ಕಾಯುವ ಕೆಲಸ ಸಿಕ್ಕಿತು. ಎಲ್ಲರಿಗೂ ಸಿಗಲಿಲ್ಲ. ಫಲಕಗಳ ಅಡಿ ಬೆಳೆಯುವ ಹುಲ್ಲನ್ನು ಕೂಲಿ ಕೊಟ್ಟು ಕತ್ತರಿಸುವುದು, ಬೇಲಿಯಾಚೆ ಕುರಿಗಳು ಮೇವಿಲ್ಲದೆ ನಿಲ್ಲುವುದು, ಇವೆರಡನ್ನೂ ಒಟ್ಟಿಗೆ ನೋಡಿದವನಿಗೆ ಏನು ತೋಚಬೇಕು? ಅಮೆರಿಕ, ಆಸ್ಟ್ರೇಲಿಯ ದೇಶಗಳಲ್ಲಿ ಸೌರಫಲಕಗಳ ಅಡಿಯಲ್ಲಿ ಕುರಿ ಮೇಯಿಸುವುದು ಈಗ ರೂಢಿಗೆ ಬಂದಿದೆ. ಹುಲ್ಲು ತಗ್ಗುತ್ತದೆ, ಕುರಿಗೆ ಮೇವಾಗುತ್ತದೆ. ಈ ಸಲಹೆ ಕೊಡಲು ಪಾವಗಡದ ಕುರಿಗಾಹಿ ಹಡಗು ಹತ್ತಬೇಕಾಗಿರಲಿಲ್ಲ. ಯೋಜನೆ ರೂಪುಗೊಂಡ ದಿನ ಅವನಿಗೂ ಒಂದು ಚಾಪೆ ಹಾಕಿ ಕೂರಿಸಿ, "ನೀನೇನು ಹೇಳುತ್ತೀ" ಎಂದು ಕೇಳಬೇಕಾಗಿತ್ತು. ಭೂಮಿಯ ಒಡೆಯನ ಭಯವನ್ನು ಅಷ್ಟು ಚೆನ್ನಾಗಿ ಅರಿತ ಯೋಜನೆ ಭೂಮಿಯಿಲ್ಲದವನ ಮಾತಿಗೆ ಅಷ್ಟು ತಡವಾಗಿ ಕಿವಿಗೊಟ್ಟದ್ದೇಕೆಂದು ನಾವು ಆ ದಾರಿಯಲ್ಲಿ ಹೋದಾಗಲೆಲ್ಲ ಯೋಚಿಸುತ್ತೇವೆ.

ಹೀಗೆ ಹೆಸರಿಲ್ಲದೆ ಹೋದವರು ಇಂದಿನವರಷ್ಟೇ ಅಲ್ಲ. ಸಿರಾದಲ್ಲಿ ಮೊಘಲರ ಸುಬೇದಾರ ದಿಲಾವರ್ ಖಾನನ ಕಾಲದ ಖಾನ್ ಬಾಗ್ ಎಂಬ ತೋಟವಿತ್ತು. ಬೆಂಗಳೂರಿನ ಲಾಲ್‌ಬಾಗನ್ನು ಮಾಡಿಸುವಾಗ ಹೈದರಾಲಿಗೆ ಅದೇ ಪ್ರೇರಣೆಯಾಯಿತೆಂದು ಗೆಜೆಟಿಯರುಗಳಲ್ಲಿ ಬರೆದಿದೆ. ಲಾಲ್‌ಬಾಗಿಗೆ ಇಂದು ಲಕ್ಷಾಂತರ ಜನ ಹೋಗುತ್ತಾರೆ. ನೀರಿಗೆ ಬಡತನವಿರುವ ಸಿರಾದ ನೆಲದಲ್ಲಿ ಮೊದಲು ಪಾತಿ ಕಟ್ಟಿ ಗಿಡ ಉಳಿಸಿದ ತೋಟಗಾರ ಯಾರೆಂದು ಯಾವ ಗೆಜೆಟಿಯರೂ ಹೇಳುವುದಿಲ್ಲ.

ನಮ್ಮ ಯುವಕನ ದೂರಿಗೆ ಮರಳೋಣ. ಇನ್ನೊಬ್ಬನ ಆಲೋಚನೆಯನ್ನು ತನ್ನದೆಂದು ಹೇಳಿ ಹೊಗಳಿಕೆ ಪಡೆದವನು ಏಳನೆಯ ಆಜ್ಞೆಯನ್ನು ಮೀರಿದ್ದಾನೆ, ಅದರಲ್ಲಿ ನಮಗೆ ಸಂಶಯವಿಲ್ಲ. ಕದಿಯಬೇಡ ಎಂಬುದು ದುಡ್ಡಿಗೆ ಮಾತ್ರ ಸಂಬಂಧಿಸಿದ್ದೆಂದು ನಾವು ಪಾಪನಿವೇದನೆಗೆ ಮೊದಲು ಆತ್ಮಶೋಧನೆ ಮಾಡಿಕೊಳ್ಳುವಾಗ ತಿಳಿಯುತ್ತೇವೆ; ಅಷ್ಟರಮಟ್ಟಿಗೆ ನಮ್ಮ ಧರ್ಮೋಪದೇಶವೂ ಸೊರಗಿದೆ. ಆದರೆ ಯುವಕನನ್ನು ನಾವು ಬೇರೊಂದು ಪ್ರಶ್ನೆ ಕೇಳಿದೆವು: "ನೀನು ಅದನ್ನು ಹೇಳಿದ್ದು ಯಾವಾಗ, ಹೇಗೆ?" ಶಿಫ್ಟು ಬದಲಾಗುವ ಗಲಾಟೆಯಲ್ಲಿ, ನಾಲ್ಕು ಜನರ ಮುಂದೆ, "ಇಲ್ಲಿ ಯಾರಿಗೂ ತಲೆ ಇಲ್ವಾ ಸಾರ್" ಎಂದು ಆರಂಭಿಸಿ ಹೇಳಿದ್ದನಂತೆ. ತಾಯಿ ತಲೆ ತಗ್ಗಿಸಿದರು. ನಾವು ನಗೆಯನ್ನು ತಡೆದುಕೊಂಡೆವು.

ಅವನಿಗೆ ವಿಮೋಚನಾಕಾಂಡದ 18ನೆಯ ಅಧ್ಯಾಯವನ್ನು ಓದಲು ಹೇಳಿದೆವು. ಪ್ರಿಯ ವಾಚಕರೂ ಒಮ್ಮೆ ತೆರೆದು ನೋಡಬಹುದು. ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಇಡೀ ಜನಸ್ತೋಮದ ವ್ಯಾಜ್ಯಗಳನ್ನು ತೀರಿಸುತ್ತಿದ್ದಾನೆ. ಅವನ ಮಾವ ಇತ್ರೋ ಬರುತ್ತಾನೆ. ಆತ ಇಸ್ರಯೇಲನಲ್ಲ, ಮಿದ್ಯಾನಿನ ಯಾಜಕ, ಹೊರಗಿನವ. ಬಂದವನೇ ಉಪದೇಶ ಆರಂಭಿಸುವುದಿಲ್ಲ. ಮೊದಲು ಅಳಿಯನ ಕ್ಷೇಮ ವಿಚಾರಿಸುತ್ತಾನೆ, ಅವನು ಪಟ್ಟ ಕಷ್ಟವನ್ನೆಲ್ಲ ಕೇಳಿ ಸಂತೋಷಪಡುತ್ತಾನೆ, ಜೊತೆಯಲ್ಲಿ ಉಣ್ಣುತ್ತಾನೆ. ಮರುದಿನ ಇಡೀ ಹಗಲು ಕೆಲಸವನ್ನು ನೋಡುತ್ತಾನೆ. ಆಮೇಲೆ ಒಂದು ಪ್ರಶ್ನೆ: ನೀನೊಬ್ಬನೇ ಏಕೆ ಕೂರುತ್ತೀ? ಉತ್ತರವನ್ನು ಪೂರ್ತಿ ಕೇಳಿದ ಬಳಿಕವೇ, ಹೀಗಾದರೆ ನೀನೂ ಬಳಲುವೆ, ಜನರೂ ಬಳಲುತ್ತಾರೆ ಎಂದು ಎಚ್ಚರಿಸುತ್ತಾನೆ. ಅಷ್ಟಕ್ಕೆ ನಿಲ್ಲಿಸದೆ ಮಾಡಬೇಕಾದ್ದನ್ನು ವಿವರವಾಗಿ ಹೇಳುತ್ತಾನೆ: ಯೋಗ್ಯರನ್ನು ಆರಿಸು, ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬನನ್ನು ನೇಮಿಸು, ಕಠಿಣವಾದದ್ದು ಮಾತ್ರ ನಿನ್ನ ಬಳಿ ಬರಲಿ. ಕೊನೆಯಲ್ಲಿ, ದೇವರ ಅಪ್ಪಣೆಯಾದರೆ ಹೀಗೆ ಮಾಡು ಎಂದು ತೀರ್ಮಾನವನ್ನು ಮೋಶೆಗೇ ಬಿಡುತ್ತಾನೆ. ಮೋಶೆ ಹೇಳಿದಂತೆಲ್ಲ ಮಾಡಿದ. ಇತ್ರೋ ತನ್ನ ನಾಡಿಗೆ ಹಿಂದಿರುಗಿದ. ಹೊಗಳಿಕೆಗಾಗಿ ಕಾದು ನಿಲ್ಲಲಿಲ್ಲ. ಬೆಂಕಿಯ ಪೊದೆಯಲ್ಲಿ ದೇವರ ದನಿ ಕೇಳಿದವನಿಗೆ ಕಚೇರಿ ನಡೆಸುವ ಕ್ರಮವನ್ನು ಕಲಿಸಲು ಮಾವ ಬರಬೇಕಾಯಿತೆಂಬುದನ್ನು ಪವಿತ್ರ ಗ್ರಂಥ ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ನಮ್ಮ ನಾಡಿನಲ್ಲಿಯೂ ಇಂಥದೊಂದು ಉದಾಹರಣೆ ಉಂಟು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಮೈಸೂರು ಸೀಮೆಗೆ ಬಂದ ಫ್ರೆಂಚ್ ಗುರು ಅಬ್ಬೆ ದ್ಯುಬ್ವಾ ಅವರನ್ನು ಜನ ದೊಡ್ಡ ಸ್ವಾಮಿಯವರೆಂದು ಕರೆಯುತ್ತಿದ್ದರು. ಸಿಡುಬಿನ ಲಸಿಕೆ ಭಾರತವನ್ನು ತಲುಪಿದ್ದು 1802ರಲ್ಲಿ. ಸಿಡುಬೆಂದರೆ 'ಅಮ್ಮ' ಬಂದಳೆಂದು ಕೈಮುಗಿಯುತ್ತಿದ್ದ ಜನರಿಗೆ, ದನದ ಕೆಚ್ಚಲಿನ ಹುಣ್ಣಿನಿಂದ ತೆಗೆದ ರಸವನ್ನು ತೋಳಿಗೆ ಚುಚ್ಚಿಸಿಕೊಳ್ಳಿ ಎಂದು ಹೇಳುವುದು ಎಂಥ ಕೆಲಸವೆಂದು ಊಹಿಸಿ. ಆದರೂ 1803-04ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ 25,432 ಜನ ಲಸಿಕೆ ಹಾಕಿಸಿಕೊಂಡದ್ದು ದಾಖಲೆಯಲ್ಲಿದೆ. ಹೇಗಾಯಿತು ಇದು? ಆ ಮುನ್ನ ಅವರು ವರ್ಷಗಟ್ಟಲೆ ಈ ಜನರ ಉಡುಗೆ ಉಟ್ಟು, ಇವರ ಊಟ ಉಂಡು, ನಡೆನುಡಿಗಳನ್ನು ಕಲಿತಿದ್ದರು. ಜನ ಮೊದಲು ನಂಬಿದ್ದು ಆ ಮನುಷ್ಯನನ್ನು, ಆಮೇಲೆ ಅವರ ಲಸಿಕೆಯನ್ನು. ದ್ಯುಬ್ವಾ ಅವರು ನಮ್ಮ ಜನರ ಬಗೆಗೆ ಬರೆದದ್ದೆಲ್ಲವನ್ನೂ ನಾವು ಒಪ್ಪುವುದಿಲ್ಲ, ಆ ಮಾತು ಬೇರೆ.

ಇಷ್ಟೂ ಹೇಳುವವನ ಕರ್ತವ್ಯವಾಯಿತು. ಕೇಳುವವನದು ಇದಕ್ಕಿಂತ ಭಾರವಾದದ್ದು. ಇಲ್ಲಿ ಬೇರೆಯವರನ್ನು ದೂರುವ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ಧರ್ಮಕೇಂದ್ರದಲ್ಲಿ ನಾವು ಸೇವೆಯಲ್ಲಿದ್ದೆವು. ನೀರಿನ ತಾಪತ್ರಯ ವಿಪರೀತ. ದೇವಾಲಯ ಗುಡಿಸುತ್ತಿದ್ದ ವಯಸ್ಸಾದ ತಾಯಿಯೊಬ್ಬರು ಒಂದು ದಿನ, "ಸ್ವಾಮಿ, ಮಳೆ ಬಂದಾಗ ಚಾವಣಿ ನೀರೆಲ್ಲ ಆ ಹಿಂದಿನ ಗೋಡೆಗೆ ಬಿದ್ದು ಗೋಡೆ ಕೆಡುತ್ತೆ, ನೀರೂ ರಸ್ತೆಗೆ ಹೋಗುತ್ತೆ. ಒಂದು ತೊಟ್ಟಿ ಕಟ್ಟಿಸಬಾರದಾ?" ಎಂದರು. ನಾವು ಪುಸ್ತಕದಿಂದ ತಲೆಯೆತ್ತದೆ "ನೋಡೋಣಮ್ಮ" ಎಂದೆವು. ಆಮೇಲೆ ಪಾಲನಾ ಸಮಿತಿ ಸೇರಿತು. ಅದರಲ್ಲಿ ಆಕೆ ಇರಲಿಲ್ಲ. ನಿವೃತ್ತ ನೌಕರರು, ವ್ಯಾಪಾರಿಗಳು, ನಾವು. ಎಲ್ಲರೂ ಕೊಳವೆಬಾವಿಯೇ ಸರಿಯೆಂದೆವು. ದಾನಿಗಳಿಂದ ಹಣ ಕೂಡಿಸಿ, ಮಂತ್ರಜಲ ಪ್ರೋಕ್ಷಿಸಿ ಕೊರೆಸಿದೆವು. ಬಿಳಿಯ ಧೂಳು ಬಂತು. ಮರುವರ್ಷ ಇನ್ನೊಂದು ಕಡೆ ಕೊರೆಸಿದೆವು. ಅಲ್ಲಿಯೂ ಧೂಳೇ. ಮೂರನೆಯ ವರ್ಷ, ಹಣವೂ ಧೈರ್ಯವೂ ಮುಗಿದ ಮೇಲೆ, ತೊಟ್ಟಿ ಕಟ್ಟಿಸಿದೆವು. ಮೊದಲ ಕೊಳವೆಬಾವಿಗೆ ಸುರಿದ ಹಣದಲ್ಲಿ ಅಂಥ ಮೂರು ತೊಟ್ಟಿ ಕಟ್ಟಬಹುದಾಗಿತ್ತು. ಅಷ್ಟರಲ್ಲಿ ಆ ತಾಯಿ ತೀರಿಕೊಂಡಿದ್ದರು. ಅವರ ಸಲಹೆಯನ್ನು ಸಮಿತಿಯ ನಡಾವಳಿ ಪುಸ್ತಕದಲ್ಲಿ ಬರೆಸಬೇಕೆಂದು ಎದ್ದಾಗ, ಅವರ ಪೂರ್ತಿ ಹೆಸರು ಸಮಿತಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ನಮಗೂ ತಿಳಿದಿರಲಿಲ್ಲ. ಮರಣ ದಾಖಲೆಯ ಪುಸ್ತಕ ತೆರೆದು ನೋಡಬೇಕಾಯಿತು.

ಆ ದಿನದಿಂದ ಸಂತ ಬೆನೆಡಿಕ್ಟರ ನಿಯಮದ ಮೂರನೆಯ ಅಧ್ಯಾಯ ನಮಗೆ ಬೇರೆಯೇ ಆಗಿ ಕಾಣಿಸುತ್ತದೆ. ಆರನೆಯ ಶತಮಾನದ ಆ ಮಠಾಧಿಪತಿ, ಮಹತ್ತ್ವದ ವಿಷಯ ಬಂದಾಗಲೆಲ್ಲ ಮಠದ ಎಲ್ಲ ಸಹೋದರರನ್ನೂ ಸೇರಿಸಿ ಅಭಿಪ್ರಾಯ ಕೇಳಬೇಕೆಂದು ವಿಧಿಸಿದರು. ಒಳ್ಳೆಯ ಆಲೋಚನೆಯನ್ನು ಪ್ರಭು ಅನೇಕ ಸಲ ಎಲ್ಲರಿಗಿಂತ ಕಿರಿಯನಿಗೆ ತೋರಿಸಿಕೊಡುತ್ತಾರೆಂಬುದೇ ಅವರು ಕೊಟ್ಟ ಕಾರಣ. ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ವಿಭಾಗಿಸುವಾಗ, ಇನ್ನೊಬ್ಬರಿಂದ ಕಲಿಯುವ ಗುಣವನ್ನು ಅದರ ಒಂದು ಅಂಗವೆಂದು ಎಣಿಸಿ, ಅಧಿಕಾರದಲ್ಲಿರುವವರಿಗೂ ಅದು ಬೇಕೆಂದು ಸೇರಿಸುತ್ತಾರೆ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನಾವು ಒಳ್ಳೆಯ ಅಂಕ ಪಡೆದಿದ್ದೆವು! ಪೋಪ್ ದ್ವಿತೀಯ ಜಾನ್ ಪಾಲರು ದುಡಿಮೆಯನ್ನು ಕುರಿತು 1981ರಲ್ಲಿ ಬರೆದ ವಿಶ್ವಪತ್ರದಲ್ಲಿ, ಕಾರ್ಮಿಕನು ತಾನೊಂದು ದೊಡ್ಡ ಯಂತ್ರದ ಹಲ್ಲು ಮಾತ್ರವೆಂದು ಭಾವಿಸುವಂತಾದರೆ ಅದು ಮನುಷ್ಯನಿಗೇ ಆಗುವ ಹಾನಿಯೆಂದು ವಿವರಿಸಿದ್ದಾರೆ. 2021ರಿಂದ 2024ರವರೆಗೆ ಇಡೀ ಧರ್ಮಸಭೆ 'ಸಿನೊಡ್' ಎಂಬ ಹೆಸರಿನಲ್ಲಿ ಆಲಿಸುವುದನ್ನು ಕಲಿಯಲು ಕುಳಿತಿತ್ತು. ಅದರ ಸುತ್ತೋಲೆಗಳು ನಮ್ಮ ಕಪಾಟಿನಲ್ಲಿವೆ.

ಲಾಭಕ್ಕಾಗಿ ದುಡಿಯುವ ಕಂಪೆನಿಗಳು ನಮಗಿಂತ ಮುಂಚೆಯೇ ಇದನ್ನು ಕಂಡುಕೊಂಡವು ಎಂಬುದು ಸಂಕೋಚದ ಸಂಗತಿ. ಬಿಡದಿಯಲ್ಲಿ ಕಾರು ತಯಾರಿಸುವ ಟೊಯೊಟಾ ಸಂಸ್ಥೆ ಜಪಾನಿನಲ್ಲಿ 1951ರಷ್ಟು ಹಿಂದೆಯೇ ಕಾರ್ಮಿಕರ ಸಲಹೆಗಳನ್ನು ಬರವಣಿಗೆಯಲ್ಲಿ ಪಡೆಯುವ ಕ್ರಮವನ್ನು ಆರಂಭಿಸಿತು. ಅದೂ ಅಮೆರಿಕದ ಫೋರ್ಡ್ ಕಾರ್ಖಾನೆಯಲ್ಲಿ ಕಂಡು ಕಲಿತದ್ದು. ನಮ್ಮ ಕಡೆಯ ಅನೇಕ ಕಾರ್ಖಾನೆಗಳಲ್ಲಿಯೂ ಸಲಹಾ ಪೆಟ್ಟಿಗೆ ತೂಗುಹಾಕಿರುತ್ತಾರೆ. ಕೀಲಿ ಯಾರ ಬಳಿ ಇದೆಯೋ ಕೇಳಬೇಡಿ.

ಯುವಕನಿಗೆ ನಾವು ಹೇಳಿದ್ದು ಇಷ್ಟೇ: ಇನ್ನೊಂದು ಸಲ ತೋಚಿದಾಗ ಬಾಯಲ್ಲಿ ಹೇಳಬೇಡ, ಒಂದು ಹಾಳೆಯಲ್ಲಿ ಬರೆ. ತಪ್ಪು ಯಾರದೆಂದು ಬರೆಯಬೇಡ, ಎಷ್ಟು ಹೆಜ್ಜೆ, ಎಷ್ಟು ನಿಮಿಷ ಎಂದು ಬರೆ. ಜೊತೆಯಲ್ಲಿ ಕೆಲಸ ಮಾಡುವವರಿಗೆ ಮೊದಲು ತೋರಿಸು. ಅವರು ತಿದ್ದಿದರೆ ತಿದ್ದಲಿ, ನಾಲ್ಕು ಜನರಿಗೆ ತಿಳಿದ ಮಾತನ್ನು ಒಬ್ಬನು ತನ್ನದೆಂದು ಹೇಳಿಕೊಳ್ಳುವುದು ಕಷ್ಟ. ತಾರೀಕು ಹಾಕು. ಊಟದ ಬಿಡುವಿನಲ್ಲಿ, ಸೂಪರ್‌ವೈಸರ್ ಒಬ್ಬನೇ ಇದ್ದಾಗ ಕೊಡು. ಆತನೂ ಯಾರದೋ ಮಾತಿಗೆ ಹೆದರುವವನೇ. "ಮತ್ತೆ ಕದ್ದರೆ?" ಎಂದು ಅವನು ಕೇಳಿದ. ನಮ್ಮ ಬಳಿ ಉತ್ತರವಿರಲಿಲ್ಲ, ಇದೆಯೆಂದು ನಟಿಸಲೂ ಇಲ್ಲ.

ಪಾಸ್ಖಹಬ್ಬದ ನಂತರ ಒಂದು ಸಂಜೆ ಅವನು ನೋಟ್‌ಬುಕ್ಕಿನ ಹಾಳೆಯೊಂದನ್ನು ತಂದು ತೋರಿಸಿದ. ಈ ಸಲ ರಾತ್ರಿ ಶಿಫ್ಟಿನ ಹೆಂಗಸರು ಬಸ್ಸಿಗಾಗಿ ಕತ್ತಲೆಯಲ್ಲಿ ನಿಲ್ಲುವ ವಿಷಯ. ಗೇಟಿನ ಬಳಿಯ ಶೆಡ್ಡಿನಲ್ಲಿ ಈಗ ಹಳೆಯ ಪೆಟ್ಟಿಗೆಗಳನ್ನು ತುಂಬಿದ್ದಾರೆ. ಅವನ್ನು ತೆಗೆಸಿ ಒಂದು ಬಲ್ಬು, ಎರಡು ಬೆಂಚು ಹಾಕಿದರೆ ಸಾಕು ಎಂದು ಕನ್ನಡದಲ್ಲಿ ಬರೆದು, ಕೆಳಗೆ ಪೆನ್ಸಿಲಿನಲ್ಲಿ ಚಿತ್ರ ಬಿಡಿಸಿದ್ದ. ಐದು ಜನರ ಸಹಿಯಿತ್ತು. ಸಹಿಗಳಲ್ಲಿ ಒಂದನ್ನು ಹಾಕಿದವರು ಎಂಟು ವರ್ಷದಿಂದ ಅದೇ ಗೇಟಿನಲ್ಲಿರುವ ಕಾವಲುಗಾರರು. ಬಲ್ಬು ಎಲ್ಲಿ ಹಾಕಬೇಕೆಂದು ಹೇಳಿದ್ದೂ ಅವರೇ ಅಂತೆ.

ಅನಂತರದ ಎರಡು ಭಾನುವಾರ ಅವನು ಪೂಜೆಗೆ ಕಾಣಲಿಲ್ಲ, ಶಿಫ್ಟು ಇತ್ತು. ತಾಯಿ ಒಬ್ಬರೇ ಬಂದಿದ್ದರು. ಏನಾಯಿತೆಂದು ವಿಚಾರಿಸಿದೆವು. "ಯಾರೋ ಬಂದು ಶೆಡ್ಡು ಅಳತೆ ತಗೊಂಡು ಹೋದರಂತೆ ಸ್ವಾಮಿ, ಇನ್ನೂ ಏನೂ ಹೇಳಿಲ್ಲ" ಎಂದರು. ಸ್ವಲ್ಪ ತಡೆದು, ತಮ್ಮ ಗಾರ್ಮೆಂಟ್ಸ್‌ನಲ್ಲಿ ದಾರದ ಉಂಡೆಗಳನ್ನು ಇಡುವ ರೀತಿ ಸರಿಯಿಲ್ಲವೆಂದು, ಅದನ್ನು ಹೇಗೆ ಇಡಬಹುದೆಂದು, ಚರ್ಚಿನ ಮೆಟ್ಟಿಲ ಮೇಲೆ ನಿಂತುಕೊಂಡೇ ನಮಗೆ ವಿವರಿಸತೊಡಗಿದರು.